ಕಾರಿನ ಕಾಲೊರಸು: ಮಳೆ, ರಬ್ಬರು ಮತ್ತು ಎರಡು ಕೊಕ್ಕೆಗಳ ಕಥೆ

ಮಳೆಗಾಲದ ಭಾನುವಾರ ಬಂತೆಂದರೆ ಪುಣೆಯ ಅರ್ಧ ಊರು ಪಶ್ಚಿಮದ ಬೆಟ್ಟಗಳ ಕಡೆ ಹೊರಡುತ್ತದೆ. ಮುಳಶಿ, ತಾಮ್ಹಿಣಿ, ಲೋಣಾವಳ, ಸಿಂಹಗಡ. ಜಲಪಾತದ ಕೆಳಗೆ ನೆನೆದು, ಬಿಸಿ ಭಜಿ ತಿಂದು, ಸಂಜೆ ಮರಳುವಾಗ ನಾಲ್ಕು ಮಂದಿಯ ಎಂಟು ಕಾಲುಗಳು ಕೆಂಪು ಕೆಸರನ್ನೂ ಹುಲ್ಲಿನ ಚೂರುಗಳನ್ನೂ ಸಾಕಷ್ಟು ನೀರನ್ನೂ ಕಾರಿನೊಳಗೆ ತಂದಿರುತ್ತವೆ. ಮುದುಡಿದ ಛತ್ರಿಯಿಂದ ಇಳಿದ ನೀರು ಬೇರೆ. ಸೋಮವಾರ ಆ ಕಾರು ಕಚೇರಿಯ ಪಾರ್ಕಿಂಗಿನಲ್ಲಿ ಗಾಜು ಮುಚ್ಚಿಕೊಂಡು ದಿನವಿಡೀ ನಿಲ್ಲುತ್ತದೆ. ಮಂಗಳವಾರ ಬಾಗಿಲು ತೆಗೆದರೆ ಒದ್ದೆ ಕಂಬಳಿಯ ವಾಸನೆ ಮೂಗಿಗೆ ಬಡಿಯುತ್ತದೆ.

ಆಗ ಎಲ್ಲರ ಸಲಹೆಯೂ ಒಂದೇ: ದಪ್ಪನೆಯ ಮ್ಯಾಟ್ ಹಾಕಿಸಿ. ವಾಹನಗಳ ಬಿಡಿಭಾಗಕ್ಕೆ ಹೆಸರಾದ ನಾನಾ ಪೇಠೆಗೆ ಹೋದರೂ ಮನೆ ಹತ್ತಿರದ ಅಂಗಡಿಗೆ ಹೋದರೂ ಮುಂದೆ ಹರಡುವ ಬಗೆಗಳು ಹಲವು. ಕಪ್ಪು ರಬ್ಬರಿನದು, ಪಾರದರ್ಶಕ ಪಿವಿಸಿಯದು, ಶ್ಯಾವಿಗೆಯಂತೆ ಸುರುಳಿ ಸುತ್ತಿಕೊಂಡ ನೂಡಲ್ ಮ್ಯಾಟ್, ವಜ್ರಾಕಾರದ ಹೊಲಿಗೆ ಹಾಕಿದ ಸೆವೆನ್-ಡಿ ಮ್ಯಾಟ್, ತಟ್ಟೆಯಂತೆ ಅಂಚು ಎತ್ತಿದ ಟ್ರೇ ಮ್ಯಾಟ್. ಇವೆಲ್ಲ ಒಂದೇ ದಿನ ಹುಟ್ಟಿದವಲ್ಲ. ಕಾರಿನ ನೆಲ ಬದಲಾದ ಹಾಗೆ ಅದರ ಕಾಲೊರಸೂ ಬದಲಾಗಿದೆ. ಯಾವುದು ಯಾವ ತೊಂದರೆಗೆ ಉತ್ತರವಾಗಿ ಬಂತು ಎಂಬುದು ತಿಳಿದರೆ ಆಯ್ಕೆ ಸುಲಭ.

ಹಲಗೆಯ ನೆಲ

ಮೊದಲ ಕಾರುಗಳು ಕುದುರೆಗಾಡಿಯ ಸಂತಾನ. ಅವುಗಳ ನೆಲ ಮರದ ಹಲಗೆಯದು. ಕೆಳಗಿನ ಗೇರ್ ಪೆಟ್ಟಿಗೆಯನ್ನೋ ಬ್ರೇಕನ್ನೋ ರಿಪೇರಿ ಮಾಡಬೇಕಾದರೆ ಹಲಗೆ ಎತ್ತಿದರಾಯಿತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲೂ ಹೀಗೆಯೇ ಇತ್ತು. ಅನುಕೂಲದ ಜೊತೆಗೆ ಅನನುಕೂಲವೂ ಇತ್ತು: ಹಲಗೆಗಳ ಸಂದಿನಿಂದ ದೂಳು, ಇಂಜಿನ್ನಿನ ಬಿಸಿ, ಎಣ್ಣೆಯ ಹೊಗೆ, ರಸ್ತೆಯ ನೀರು ಎಲ್ಲವೂ ಒಳಗೆ ಬರುತ್ತಿದ್ದವು. ಹೀಗಾಗಿ ಕಾರಿನ ಮೊದಲ ಮ್ಯಾಟಿನ ಕೆಲಸ ಕಾಲಿನ ಕೊಳೆ ಹಿಡಿಯುವುದಕ್ಕಿಂತ ಹೆಚ್ಚಾಗಿ ಸಂದು ಮುಚ್ಚುವುದಾಗಿತ್ತು.

ಅದಕ್ಕೆ ಒದಗಿದ್ದು ರಬ್ಬರು. ಹಸಿ ರಬ್ಬರು ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಸೆಟೆದುಕೊಳ್ಳುತ್ತದೆ. ಅದನ್ನು ಗಂಧಕದೊಂದಿಗೆ ಕಾಯಿಸಿದರೆ ಎರಡೂ ದೋಷ ಹೋಗುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. 1844ರಲ್ಲಿ ಪೇಟೆಂಟ್ ಪಡೆದ. ಟಯರು ಸಾಧ್ಯವಾದದ್ದು ಇದರಿಂದ, ಮ್ಯಾಟೂ ಕೂಡ. ಭಾರತದಲ್ಲಿ ರಬ್ಬರಿನ ಮೊದಲ ವಾಣಿಜ್ಯ ತೋಟ ಕೇರಳದ ತಟ್ಟೇಕಾಡಿನಲ್ಲಿ 1902ರಲ್ಲಿ ಶುರುವಾಯಿತು.

ಆ ಕಾಲದ ದೊಡ್ಡ ಕಾರುಗಳ ನೆಲದಲ್ಲಿ ಅಂತಸ್ತೂ ಕಾಣುತ್ತಿತ್ತು. ಒಡೆಯ ಕೂರುವ ಹಿಂಬದಿಗೆ ಉಣ್ಣೆಯ ರತ್ನಗಂಬಳಿ, ಚಾಲಕನ ಕಾಲಡಿಗೆ ರಬ್ಬರು. ರಬ್ಬರಿನದು ದುಡಿಯುವವನ ನೆಲ, ಬಟ್ಟೆಯದು ಕೂರುವವನ ನೆಲ. ಕಾರು ಮಧ್ಯಮ ವರ್ಗದ ಮನೆಗೆ ಬಂದಾಗ ಎಲ್ಲರೂ ಬಯಸಿದ್ದು ಎರಡನೆಯದನ್ನೇ.

ರಬ್ಬರಿನ ಜೊತೆಗೆ ಮತ್ತೊಂದು ಚಾಪೆಯೂ ಲೋಕ ಸುತ್ತಿತು. ಜೇಮ್ಸ್ ಡಾರಾ ಎಂಬಾತ 1859ರಲ್ಲಿ ಅಲಪ್ಪುಳದಲ್ಲಿ ತೆಂಗಿನ ನಾರಿನ ಚಾಪೆಯ ಕಾರ್ಖಾನೆ ತೆರೆದ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಜರ್ಮನ್ ಕಾರುಗಳಿಗೆ ನಾರಿನ ಮ್ಯಾಟ್ ಹಾಕಿಸುವುದು ಒಂದು ಶೋಕಿಯಾಯಿತು. ತಿಪಟೂರು, ಅರಸೀಕೆರೆ ಕಡೆಯವರಿಗೆ ನಾರಿನ ಗುಣವನ್ನು ಹೊಸದಾಗಿ ಹೇಳಬೇಕಿಲ್ಲ. ಬೂಟಿನ ಕೊಳೆಯನ್ನು ಕೆರೆದು ತೆಗೆಯುತ್ತದೆ, ಬೇಗ ಕೊಳೆಯುವುದಿಲ್ಲ. ಆದರೆ ನೀರನ್ನು ತಡೆಯುವುದಿಲ್ಲ. ಎಳೆಗಳ ನಡುವಿನಿಂದ ಕೆಳಕ್ಕೆ ಬಿಟ್ಟುಬಿಡುತ್ತದೆ. ಇಂದಿನ ನೂಡಲ್ ಮ್ಯಾಟ್ ಇದೇ ಉಪಾಯದ ಪ್ಲಾಸ್ಟಿಕ್ ರೂಪ. ಕೆಳಗೆ ಗಟ್ಟಿ ಹಾಳೆ ಅಂಟಿಸಿದ್ದರೆ ಕೊಳೆ, ನೀರು ಎರಡೂ ಅಲ್ಲೇ ನಿಲ್ಲುತ್ತವೆ. ಹಾಳೆ ಇಲ್ಲದಿದ್ದರೆ ಮೇಲ್ಭಾಗ ಒಣಗಿದಂತೆ ಕಾಣುತ್ತದೆ, ನೀರು ಮಾತ್ರ ಕಾರಿನ ಕಾರ್ಪೆಟ್ಟಿಗೆ ಇಳಿದಿರುತ್ತದೆ.

ಉಕ್ಕಿನ ನೆಲ

1934ರಲ್ಲಿ ಬಂದ ಫ್ರಾನ್ಸಿನ ಸಿಟ್ರನ್ ಟ್ರ್ಯಾಕ್ಷನ್ ಅವಾಂ ಕಾರಿನಲ್ಲಿ ಬೇರೆ ಚಾಸಿಯೇ ಇರಲಿಲ್ಲ. ಉಕ್ಕಿನ ತಗಡನ್ನು ಒತ್ತಿ, ಬೆಸೆದು, ಇಡೀ ಮೈಯನ್ನೇ ಭಾರ ಹೊರುವಂತೆ ಮಾಡಿದ್ದರು. ಕ್ರಮೇಣ ಹೆಚ್ಚಿನ ಕಾರುಗಳು ಈ ದಾರಿಗೇ ಬಂದವು. ನಮ್ಮ ಅಂಬಾಸಿಡರ್, ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100 ಎರಡೂ ಇಂಥವೇ. ನೆಲದ ಸಂದು ಮುಚ್ಚಿತು. ಆದರೆ ತಗಡಿನ ನೆಲ ತಮಟೆಯ ಹಾಗೆ ಸದ್ದು ಮಾಡುತ್ತದೆ, ಬಿಸಿಯನ್ನು ಸುಲಭವಾಗಿ ಒಳಗೆ ಬಿಡುತ್ತದೆ. ಅದಕ್ಕಾಗಿ ತಗಡಿನ ಮೇಲೆ ಡಾಂಬರಿನಂಥ ಹಾಳೆ, ಅದರ ಮೇಲೆ ದಪ್ಪ ಫೆಲ್ಟು, ಅದರ ಮೇಲೆ ಕಾರ್ಪೆಟ್ ಹಾಸಿದರು.

ಹೊಸ ತೊಂದರೆ ಹುಟ್ಟಿದ್ದು ಇಲ್ಲಿ. ಹಲಗೆಯ ನೆಲಕ್ಕೆ ಬಿದ್ದ ನೀರು ಸಂದಿನಿಂದ ಇಳಿದು ಹೋಗುತ್ತಿತ್ತು. ಉಕ್ಕಿನ ನೆಲದ ಮೇಲಿನ ಫೆಲ್ಟು ಸ್ಪಂಜಿನಂತೆ ನೀರು ಕುಡಿದು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಕೈಯಿಟ್ಟರೆ ಕಾರ್ಪೆಟ್ ಒಣಗಿದೆ, ಕೆಳಗೆ ತಗಡು ಒದ್ದೆಯೇ ಇದೆ. ನೀರು, ಗಾಳಿ, ರಸ್ತೆಯಿಂದ ಬಂದ ಲವಣ ಸೇರಿದರೆ ತುಕ್ಕಿಗೆ ಇನ್ನೇನು ಬೇಕು? ಹಳೆಯ ಅಂಬಾಸಿಡರ್, ಫಿಯೆಟ್ಟುಗಳ ಮ್ಯಾಟ್ ಎತ್ತಿದರೆ ತೂತಿನಿಂದ ರಸ್ತೆ ಕಾಣುತ್ತಿತ್ತು ಎಂದು ಹಳಬರು ನಗುತ್ತಾ ಹೇಳುವುದು ಉತ್ಪ್ರೇಕ್ಷೆಯೇನಲ್ಲ. ಸತು ಲೇಪಿಸಿದ ತಗಡು ಬಂದ ಮೇಲೆ ತುಕ್ಕು ತಡವಾಗಿದೆ, ಆದರೆ ಫೆಲ್ಟಿನ ಗುಣ ಬದಲಾಗಿಲ್ಲ. ಮಂಗಳವಾರದ ಆ ವಾಸನೆ ಬರುವುದು ಅಲ್ಲಿಂದಲೇ.

ಈಗ ಅಪಾಯ ತುಕ್ಕಿನದಷ್ಟೇ ಅಲ್ಲ. ಕಾರ್ಪೆಟ್ಟಿನ ಕೆಳಗೆ ವೈರುಗಳ ಕಟ್ಟು ಹಾದುಹೋಗಿರುತ್ತದೆ. ಸೀಟಿನಡಿ ಏರ್‌ಬ್ಯಾಗ್, ಸೀಟ್‌ಬೆಲ್ಟುಗಳ ವಿದ್ಯುತ್ ಜೋಡಣೆಗಳಿರುತ್ತವೆ. ಅಲ್ಲಿ ತೇವ ನಿಂತರೆ ಕಾರಣ ಗೊತ್ತಾಗದ ಎಚ್ಚರಿಕೆ ದೀಪಗಳು ಹೊತ್ತಿಕೊಳ್ಳುತ್ತವೆ.

ಪುಣೆಯ ನೆಲ

ಸ್ವಾತಂತ್ರ್ಯ ಬಂದ ಕಾಲಕ್ಕೆ ಪುಣೆ ಪಿಂಚಣಿದಾರರ, ಕಾಲೇಜುಗಳ, ಸೈಕಲ್ಲುಗಳ ಊರು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿತು. ಪಿಂಪ್ರಿ-ಚಿಂಚವಾಡದ ಹೊಲಗಳಲ್ಲಿ ಕಾರ್ಖಾನೆಗಳು ಎದ್ದವು. ಇಂದಿನ ಟಾಟಾ ಮೋಟಾರ್ಸ್ ಆಗಿರುವ ಟೆಲ್ಕೋ 1966ರಲ್ಲಿ ಪುಣೆಗೆ ಬಂತು. ಮುನ್ನಡೆಸುತ್ತಿದ್ದ ಸುಮಂತ ಮೂಳಗಾಂವಕರ್ ವಾಹನಕ್ಕಿಂತ ಮೊದಲು ಗಮನ ಕೊಟ್ಟದ್ದು ಅಚ್ಚು ಮತ್ತು ಯಂತ್ರೋಪಕರಣ ಮಾಡುವ ಕೈಗಳನ್ನು ತಯಾರಿಸುವುದಕ್ಕೆ. ಅದೇ ವರ್ಷ ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಕೂಡ ಪುಣೆಯಲ್ಲಿ ಸ್ಥಾಪನೆಯಾಯಿತು. ಕೋಥರೂಡ ಬಳಿಯ ಬೆಟ್ಟದ ಮೇಲೆ ಅದು ಇಂದಿಗೂ ಇದೆ.

ಲಾರಿಯ ನೆಲಕ್ಕೆ ರಬ್ಬರೇ ಗತಿ. ಆದರೆ ನಮ್ಮ ಲಾರಿ ಚಾಲಕರಲ್ಲಿ ಹಲವರು ಇಂದಿಗೂ ಚಪ್ಪಲಿ ಬಿಟ್ಟೇ ಗಾಡಿ ಹತ್ತುತ್ತಾರೆ. ಎದುರಿಗೆ ದೇವರ ಪಟ, ಊದುಬತ್ತಿ. ಗಾಡಿಯೇ ಅನ್ನ ಕೊಡುವ ಮನೆ. ಮನೆಯೊಳಗೆ ಚಪ್ಪಲಿ ತರುವುದುಂಟೆ? ಹೊಸ ಕಾರಿನ ಕಾರ್ಪೆಟ್ಟಿಗೆ ಹೊದಿಸಿದ ಪ್ಲಾಸ್ಟಿಕ್ಕನ್ನು ತಿಂಗಳಾದರೂ ಕೀಳದ ಕುಟುಂಬಗಳ ಮನಸ್ಸೂ ಇದೇ. ಕಾರಿನ ನೆಲ ರಸ್ತೆಯ ಮುಂದುವರಿಕೆಯಲ್ಲ, ಮನೆಯ ನೆಲ. ದಪ್ಪ ಮ್ಯಾಟಿನ ಮೇಲಿನ ನಮ್ಮ ಮೋಹಕ್ಕೆ ಮಳೆಯಷ್ಟೇ ಇದೂ ಕಾರಣ.

1994ರಲ್ಲಿ ಸುಮೋ, 1998ರ ಕೊನೆಯಲ್ಲಿ ಇಂಡಿಕಾ ಪುಣೆಯಿಂದ ಹೊರಟವು. 1995ರಲ್ಲಿ ಮರ್ಸಿಡಿಸ್-ಬೆಂಜ್ ಇಲ್ಲಿ ಕಾರು ಜೋಡಿಸತೊಡಗಿತು. 2009ರಲ್ಲಿ ಚಾಕಣದಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆ ತೆರೆಯಿತು. ಕಾರು ಹೆಚ್ಚಿದಂತೆ ಮ್ಯಾಟ್ ದೊಡ್ಡ ವ್ಯಾಪಾರವಾಯಿತು. ಅದರ ಮುಖ್ಯ ಸರಕು ಪಿವಿಸಿ. ಕಡುಗಟ್ಟಿಯಾದ ಈ ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ಬಗೆಯನ್ನು 1926ರಲ್ಲಿ ಅಮೆರಿಕದ ವಾಲ್ಡೊ ಸೀಮನ್ ಕಂಡುಹಿಡಿದಿದ್ದ. ಮೆದುಗೊಳಿಸಲು ಬೆರೆಸುವ ಎಣ್ಣೆಯಂಥ ರಾಸಾಯನಿಕ ಬಿಸಿಲಿಗೆ ನಿಂತ ಕಾರಿನಲ್ಲಿ ನಿಧಾನವಾಗಿ ಹೊರಬರುತ್ತದೆ. ಗಾಜಿನ ಒಳಮೈಗೆ ತೆಳು ಮಬ್ಬು ಕೂರುತ್ತದೆ, ಕೆಲವು ವರ್ಷಗಳಲ್ಲಿ ಮ್ಯಾಟ್ ಸೆಟೆದು ಸೀಳುತ್ತದೆ. ಅಗ್ಗದ ಮ್ಯಾಟನ್ನು ಕೊಳ್ಳುವ ಮುನ್ನ ಮೂಸಿ ನೋಡುವುದು ಬುದ್ಧಿವಂತಿಕೆ.

ತಟ್ಟೆಯಂಥ ಮ್ಯಾಟ್ ಬಂದದ್ದು ಇದರ ನಂತರ. ಅಮೆರಿಕದ ಡೇವಿಡ್ ಮ್ಯಾಕ್‌ನೀಲ್ 1989ರಲ್ಲಿ ಇಂಗ್ಲೆಂಡಿನಿಂದ ರಬ್ಬರ್ ಮ್ಯಾಟ್ ತರಿಸಿ ಮಾರತೊಡಗಿದ. ವೆದರ್‌ಟೆಕ್ ಕಂಪನಿ ಬೆಳೆದದ್ದು ಹಾಗೆ. ಆಮೇಲೆ ಪ್ರತಿ ಮಾದರಿಯ ಕಾರಿನ ನೆಲವನ್ನೂ ಅಳೆದು, ಅದೇ ಆಕಾರದ ಅಚ್ಚಿನಲ್ಲಿ ಎತ್ತರದ ಅಂಚಿರುವ ಮ್ಯಾಟ್ ತೆಗೆಯುವ ಪದ್ಧತಿ ಬಂತು. ರಬ್ಬರಿನ ಹಾಗೆ ಬಾಗುವ, ಪ್ಲಾಸ್ಟಿಕ್ಕಿನ ಹಾಗೆ ಅಚ್ಚಿಗೆ ಬರುವ ಟಿಪಿಇ ಎಂಬ ವಸ್ತು ಇದಕ್ಕೆ ಹೇಳಿಸಿದಂತಿತ್ತು. ನೀರನ್ನು ಹಿಡಿಯುವ ವಿಷಯದಲ್ಲಿ ಇಷ್ಟು ಚೊಕ್ಕ ಉತ್ತರ ಮೊದಲು ಇರಲಿಲ್ಲ. ನಮ್ಮ ಪೇಟೆಯ ಸೆವೆನ್-ಡಿ ನೋಡಲು ಅದರಂತೆಯೇ ಅಂಚು ಎತ್ತಿಕೊಂಡಿದ್ದರೂ ಅದು ಫೋಮಿನ ಮೇಲೆ ಹೊಲಿದ ಕೃತಕ ಚರ್ಮ. ಹೊಲಿಗೆಯ ತೂತಿನಿಂದ ಒಳಗಿಳಿದ ನೀರಿಗೆ ಹೊರಬರುವ ದಾರಿ ಕಷ್ಟ.

ಎರಡು ಕೊಕ್ಕೆಗಳು

ಮ್ಯಾಟಿನ ಇತಿಹಾಸದ ಕರಾಳ ಅಧ್ಯಾಯ ನಡೆದದ್ದು ಇಂಥ ದಪ್ಪ, ಎಲ್ಲ ಋತುಗಳ ರಬ್ಬರ್ ಮ್ಯಾಟಿನಿಂದಲೇ. 2009ರ ಆಗಸ್ಟ್ 28ರಂದು ಅಮೆರಿಕದ ಸ್ಯಾನ್ ಡಿಯಾಗೊ ಬಳಿ ಹೆದ್ದಾರಿಯಲ್ಲಿ ಲೆಕ್ಸಸ್ ಇಎಸ್ 350 ಕಾರೊಂದು ನಿಲ್ಲಿಸಲಾಗದೆ ನುಗ್ಗಿ ಅಪಘಾತಕ್ಕೀಡಾಯಿತು. ಒಂದೇ ಕುಟುಂಬದ ನಾಲ್ವರು ಸತ್ತರು. ಓಡಿಸುತ್ತಿದ್ದವರು ಹೆದ್ದಾರಿ ಗಸ್ತಿನ ಅನುಭವಿ ಅಧಿಕಾರಿ. ತಮ್ಮ ಕಾರು ರಿಪೇರಿಗೆ ಹೋಗಿದ್ದರಿಂದ ತಾತ್ಕಾಲಿಕವಾಗಿ ಕೊಟ್ಟಿದ್ದ ಕಾರು ಅದು.

ತನಿಖೆಯಲ್ಲಿ ಗೊತ್ತಾದ ಸಂಗತಿ ತೀರಾ ಸಣ್ಣದು. ಆ ಕಾರಿನಲ್ಲಿದ್ದ ಮ್ಯಾಟ್ ಬೇರೊಂದು ಮಾದರಿಯದು. ನೆಲಕ್ಕೆ ಸಿಕ್ಕಿಸುವ ಕೊಕ್ಕೆಗಳಿಗೆ ಅದನ್ನು ಸಿಕ್ಕಿಸಿರಲಿಲ್ಲ. ಅದರ ದಪ್ಪ ಅಂಚು ಆಕ್ಸಿಲರೇಟರ್ ಪೆಡಲನ್ನು ಹಿಡಿದುಕೊಂಡಿತ್ತು. ಕೆಲವೇ ದಿನಗಳ ಹಿಂದೆ ಅದೇ ಕಾರನ್ನು ಒಯ್ದಿದ್ದ ಇನ್ನೊಬ್ಬರಿಗೂ ಹಾಗೇ ಆಗಿತ್ತು. ಅವರು ಪಾರಾಗಿ ಬಂದು ತಿಳಿಸಿದ್ದರು ಕೂಡ. ಟೊಯೊಟಾ 2007ರಲ್ಲೇ ಇಂಥ 55,000 ಮ್ಯಾಟ್‌ಗಳನ್ನು ವಾಪಸು ಕರೆಸಿಕೊಂಡಿತ್ತು. ಈ ಸಾವುಗಳಾದ ಮರುತಿಂಗಳು, 38 ಲಕ್ಷ ವಾಹನಗಳ ಮಾಲೀಕರಿಗೆ ಚಾಲಕನ ಕಡೆಯ ಮ್ಯಾಟ್ ತೆಗೆದುಹಾಕಿ ಎಂದು ಹೇಳಬೇಕಾಯಿತು. ಪೆಡಲಿನ ಆಕಾರ ಬದಲಿಸಿದರು. ಎರಡೂ ಪೆಡಲ್ ಒತ್ತಿದಾಗ ಬ್ರೇಕೇ ಗೆಲ್ಲುವ ವ್ಯವಸ್ಥೆ ತಂದರು. ದೋಷ ಎಲೆಕ್ಟ್ರಾನಿಕ್ಸಿನದೇ ಎಂಬ ಅನುಮಾನವನ್ನು ನಾಸಾ ಎಂಜಿನಿಯರುಗಳೂ ಪರಿಶೀಲಿಸಿದರು. 2011ರ ಫೆಬ್ರುವರಿಯ ವರದಿಯಲ್ಲಿ ಉಳಿದ ಕಾರಣಗಳು ಎರಡೇ: ಪೆಡಲ್ ಹಿಡಿಯುವ ಮ್ಯಾಟ್, ತಾನೇ ಅಂಟಿಕೊಳ್ಳುವ ಪೆಡಲ್. ಗ್ರಾಹಕರಿಂದ ಸತ್ಯ ಮರೆಮಾಚಿದ ಆರೋಪದ ಪ್ರಕರಣವನ್ನು ಮುಗಿಸಲು ಕಂಪನಿ 2014ರಲ್ಲಿ 120 ಕೋಟಿ ಡಾಲರ್ ತೆತ್ತಿತು.

ಹೆಚ್ಚಿನ ಹೊಸ ಕಾರುಗಳಲ್ಲಿ ಚಾಲಕನ ಸೀಟಿನ ಮುಂದೆ ನೆಲದಿಂದ ಮೇಲೆದ್ದ ಒಂದೋ ಎರಡೋ ಪ್ಲಾಸ್ಟಿಕ್ ಕೊಕ್ಕೆ ಇರುವುದು ಇದಕ್ಕಾಗಿಯೇ. ಎಷ್ಟೋ ಕಾರುಗಳಲ್ಲಿ ಅವು ಹೊಸ ಮ್ಯಾಟಿನ ಕೆಳಗೆ ಹುದುಗಿ ಹೋಗಿರುತ್ತವೆ. ಕಂಪನಿಯ ಮ್ಯಾಟ್ ಕೆಳಗೆ, ಅದರ ಮೇಲೆ ಸೆವೆನ್-ಡಿ, ಅದರ ಮೇಲೆ ಮಳೆಗಾಲಕ್ಕೆಂದು ನೂಡಲ್! ಮೂರು ಪದರ ಹಾಕಿದವರು ಕಾರನ್ನು ಚೆನ್ನಾಗಿ ಕಾಪಾಡಿದೆವು ಎಂದುಕೊಳ್ಳುತ್ತಾರೆ. ಮೇಲಿನದು ದಿನಕ್ಕೊಂದಿಷ್ಟು ಮುಂದಕ್ಕೆ ಜಾರುತ್ತಾ ಪೆಡಲಿನ ಕಡೆ ಸಾಗುತ್ತಿರುತ್ತದೆ.

ಹಾಗಾದರೆ ಯಾವುದು?

ಘಟ್ಟಕ್ಕೆ ಹೋಗಿಬರುವ ಪುಣೆಯ ಕಾರಿಗಾಗಲಿ, ಆಗುಂಬೆ ಚಾರ್ಮಾಡಿ ಹತ್ತುವ ಕಾರಿಗಾಗಲಿ ಉತ್ತರ ಒಂದೇ. ಅದೇ ಮಾದರಿ, ಅದೇ ವರ್ಷದ ಕಾರಿಗೆಂದು ಅಚ್ಚು ತೆಗೆದ, ಅಂಚು ಎತ್ತಿದ ಟಿಪಿಇ ಅಥವಾ ಒಳ್ಳೆಯ ರಬ್ಬರಿನ ಮ್ಯಾಟ್. ಕೊಕ್ಕೆಗೆ ಸರಿಯಾಗಿ ಕೂರುವ ತೂತು ಅದರಲ್ಲಿರಬೇಕು. ಒಣ ಬಯಲಿನಲ್ಲೇ ಓಡಾಡುವವರಿಗೆ ತಳದಲ್ಲಿ ಹಾಳೆಯಿರುವ ನೂಡಲ್ ಸಾಕು. ದೂಳು ಹಿಡಿದುಕೊಳ್ಳುತ್ತದೆ, ಕೊಡವಿದರೆ ಬಿಡುತ್ತದೆ. ಬೆಂಕಿಯ ಮಾತನ್ನೂ ಮರೆಯಬಾರದು. ಕಾರಿನೊಳಗಿನ ವಸ್ತುಗಳು ಉರಿಯುವ ವೇಗಕ್ಕೆ ಅಮೆರಿಕ 1972ರಲ್ಲೇ ನಿಮಿಷಕ್ಕೆ 102 ಮಿಲಿಮೀಟರಿನ ಮಿತಿ ಹಾಕಿತು. ನಮ್ಮಲ್ಲಿ ಐಎಸ್ 15061 ಎಂಬ ಮಾನಕವಿದೆ. ಮ್ಯಾಟ್ ಅದನ್ನು ದಾಟಿದೆಯೇ ಎಂದು ಅಂಗಡಿಯವರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಯಾವ ಮ್ಯಾಟಿಗೂ ಮೀರಿದ ನೀರೂ ಇದೆ. 2024ರ ಜುಲೈ 25ರಂದು ಮುಠಾ ನದಿ ಉಕ್ಕಿ ಸಿಂಹಗಡ ರಸ್ತೆಯ ಏಕತಾ ನಗರಿಗೆ ನುಗ್ಗಿದಾಗ ನಿಂತಿದ್ದ ವಾಹನಗಳು ಮುಳುಗಿದವು. ಹಾಗೆ ನೀರು ನುಗ್ಗಿದ ಕಾರಿನಲ್ಲಿ ತಟ್ಟೆಯಂಥ ಮ್ಯಾಟ್ ಇದ್ದರೆ ಅದು ನೀರನ್ನು ಕೆಳಗೆ ಮುಚ್ಚಿಟ್ಟುಕೊಳ್ಳುತ್ತದೆ, ಅಷ್ಟೆ. ಮ್ಯಾಟ್ ತೊಳೆದರೆ ಸಾಲದು. ಸೀಟು ಬಿಚ್ಚಿಸಿ, ಕಾರ್ಪೆಟ್ ಎತ್ತಿಸಿ, ಫೆಲ್ಟು ಒಣಗಿಸಬೇಕು.

ಹೊಸ ಮ್ಯಾಟ್ ಹಾಕಿಸಿಕೊಂಡ ಮೇಲೆ ದುಡ್ಡು ಕೊಡುವ ಮುನ್ನ ಮಾಡಬೇಕಾದ ಪರೀಕ್ಷೆಗೆ ಒಂದು ನಿಮಿಷ ಸಾಕು. ಇಂಜಿನ್ ಆರಿಸಿ, ಸೀಟನ್ನು ನೀವು ಓಡಿಸುವ ಜಾಗಕ್ಕೆ ತನ್ನಿ. ಆಕ್ಸಿಲರೇಟರನ್ನು ತಳದವರೆಗೆ ಒತ್ತಿ ಬಿಡಿ. ಎಲ್ಲೂ ತಾಗದೆ ಮೇಲೆ ಬರಬೇಕು. ಹಿಮ್ಮಡಿಯಿಂದ ಮ್ಯಾಟನ್ನು ಮುಂದಕ್ಕೆ ಬಲವಾಗಿ ನೂಕಿ ಇನ್ನೊಮ್ಮೆ ಒತ್ತಿ. ಮ್ಯಾಟ್ ಕದಲಿದರೆ, ಅದು ಎಷ್ಟೇ ದಪ್ಪವಾಗಿರಲಿ, ಎಷ್ಟೇ ಚೆಂದವಾಗಿರಲಿ, ಅಂಗಡಿಯಲ್ಲೇ ಬಿಟ್ಟು ಬನ್ನಿ.