ಸೆಟ್ಲಮೆಂಟ್: ಒಂದು ಪದದ ಹಲವು ನೆಲೆಗಳು

ಘಟಪ್ರಭೆಯ ದಂಡೆಯ ಅನಗವಾಡಿ ಬೀಳಗಿ ತಾಲೂಕಿಗೆ ಸೇರಿದ ಊರು. ಆಲಮಟ್ಟಿಯ ಹಿನ್ನೀರು ಹರಡಿಕೊಂಡ ಈ ಸೀಮೆಯಲ್ಲಿ ಇಂಗ್ಲಿಷಿನ ‘ಸೆಟ್ಲಮೆಂಟ್’ ಎಂಬ ಪದವನ್ನು ಓದುಬರಹ ಬಾರದವರೂ ಬಲ್ಲರು. ಆದರೆ ಕಂದಾಯ ಕಚೇರಿಯಲ್ಲಿ ಅದಕ್ಕಿರುವ ಅರ್ಥ ಹುಬ್ಬಳ್ಳಿಯ ಓಣಿಯಲ್ಲಿಲ್ಲ. ಓಣಿಯ ಅರ್ಥ ನ್ಯಾಯಾಲಯದಲ್ಲಿಲ್ಲ. ಎರಡು ಶತಮಾನಗಳಲ್ಲಿ ಆಳುವವರು ಈ ನಾಡಿನ ನೆಲವನ್ನೂ ಜನರನ್ನೂ ಹೇಗೆ ಕಂಡರೆಂಬುದರ ಚರಿತ್ರೆ ಈ ಒಂದು ಪದದಲ್ಲಿ ಅಡಗಿದೆ.

ಪದದ ಮೂಲದಲ್ಲಿರುವುದು ಹಳೆಯ ಇಂಗ್ಲಿಷಿನ ಆಸನವಾಚಕ ಶಬ್ದ. ಕುಳಿತುಕೊಳ್ಳುವುದು, ಕುಳ್ಳಿರಿಸುವುದು ಎಂಬ ಅರ್ಥಗಳಿಂದ ನೆಲಸುವುದು, ನಿಗದಿಗೊಳಿಸುವುದು, ಬಗೆಹರಿಸುವುದು ಎಂಬ ಅರ್ಥಗಳು ಬೆಳೆದವು. ಅಣೆಕಟ್ಟು ಕಟ್ಟುವ ಎಂಜಿನಿಯರರು ಭಾರಕ್ಕೆ ನೆಲ ಕುಗ್ಗುವುದನ್ನೂ ಇದೇ ಪದದಿಂದ ಕರೆಯುತ್ತಾರೆ.

ಮುಂಬಯಿ ಕರ್ನಾಟಕಕ್ಕೆ ಈ ಪದ ಬಂದದ್ದು ಮೋಜಣಿಯ ಸರಪಳಿಯೊಡನೆ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಆರಂಭಿಸಿದ ಅಳತೆಯ ಪದ್ಧತಿಯು 1847ರ ಜಂಟಿ ವರದಿಯಲ್ಲಿ ಸ್ಥಿರರೂಪ ಪಡೆಯಿತು. ಮಣ್ಣಿನ ಬಣ್ಣ, ಆಳಗಳನ್ನು ನೋಡಿ ಹೊಲಗಳನ್ನು ಆಣೆಗಳ ಲೆಕ್ಕದಲ್ಲಿ ವರ್ಗೀಕರಿಸಿ, ಪ್ರತಿ ಸರ್ವೆ ನಂಬರಿಗೂ 30 ವರ್ಷಗಳ ಕಂದಾಯವನ್ನು ನಿಗದಿಪಡಿಸುವುದೇ ‘ಸೆಟ್ಲಮೆಂಟ್’. ಇಲ್ಲಿ ನೆಲೆನಿಂತದ್ದು ರೈತನಲ್ಲ, ತೆರಿಗೆ. ದೇಶಭಾಷೆಗಳಲ್ಲಿ ಇದಕ್ಕೆ ಸಮನಾಗಿ ಬಳಕೆಯಾದ ಪಾರಸಿ ಪದ ‘ಬಂದೋಬಸ್ತ್’, ಎಂದರೆ ಕಟ್ಟಿ ಬಿಗಿಯುವುದು. ಇಂದು ಆ ಪದ ಪೊಲೀಸರ ಪಾಲಾಗಿದೆ. ಸರ್ಕಾರಿ ಕನ್ನಡವು ‘ಕಂದಾಯ ವ್ಯವಸ್ಥೆ’ ಎಂಬುದನ್ನು ಆರಿಸಿಕೊಂಡಿದ್ದು, ಭೂಮಾಪನ ಇಲಾಖೆಯ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ.

ಎರಡನೆಯ ಅರ್ಥ ಕಠೋರವಾದುದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು 1911ರಲ್ಲಿ ಪರಿಷ್ಕರಿಸಿದ ಬಳಿಕ ಮುಂಬಯಿ ಪ್ರಾಂತದಲ್ಲಿ ಸ್ಟಾರ್ಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ವಿಜಾಪುರ, ಹುಬ್ಬಳ್ಳಿ, ಗದಗ ಮೊದಲಾದೆಡೆ ‘ಸೆಟ್ಲಮೆಂಟ್’ಗಳು ಬೆಳೆದವು. ಹರಣಶಿಕಾರಿ, ಛಪ್ಪರಬಂದ, ಗಂಟಿಚೋರ ಮೊದಲಾದ ಸಮುದಾಯಗಳವರನ್ನು ಇವುಗಳಲ್ಲಿರಿಸಿ, ಹಾಜರಿ ತೆಗೆದುಕೊಂಡು, ಹೊರಹೋಗಲು ಪರವಾನಗಿ ಬೇಕೆಂದು ವಿಧಿಸಲಾಯಿತು. ಇಲ್ಲಿ ಅಪರಾಧ ಕೃತ್ಯದಿಂದಲ್ಲ, ಹುಟ್ಟಿನಿಂದ ನಿರ್ಣಯವಾಗುತ್ತಿತ್ತು. ಸ್ವತಂತ್ರ ಭಾರತವು 1952ರಲ್ಲಿ ಕಾಯ್ದೆಯನ್ನು ರದ್ದುಪಡಿಸಿತು; ಆದರೆ ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬುದು ಬಡಾವಣೆಯ ಹೆಸರಾಗಿ ಉಳಿಯಿತು. ತಂತಿಬೇಲಿ ಹೋದರೂ ವಿಳಾಸದಲ್ಲಿ ಬೇಲಿಯ ನೆನಪು ಹೋಗಲಿಲ್ಲ.

ಒಂದೆಡೆ ನೆಲೆನಿಲ್ಲದೆ ಸಂಚರಿಸುವುದನ್ನೇ ವ್ರತವಾಗಿಸಿಕೊಂಡು, ಚಾತುರ್ಮಾಸದಲ್ಲಿ ಮಾತ್ರ ಒಂದೆಡೆ ನಿಲ್ಲುವ ಮುನಿಗಳನ್ನು ಈ ನಾಡು ಶತಮಾನಗಳಿಂದ ಪೂಜಿಸಿದೆ. ಇನ್ನೊಂದೆಡೆ ಹೊಟ್ಟೆಪಾಡಿಗಾಗಿ ಅಲೆದವರ ಅಲೆತವೇ ವಸಾಹತು ಕಾನೂನಿನ ಕಣ್ಣಿಗೆ ಶಂಕಾಸ್ಪದವಾಯಿತು. ವಿಹಾರ ಮತ್ತು ಅಲೆಮಾರಿತನಗಳ ನಡುವಿನ ಈ ಅಂತರವನ್ನು ನಡಿಗೆ ಸೃಷ್ಟಿಸಲಿಲ್ಲ, ನೋಡುವ ಕಣ್ಣು ಸೃಷ್ಟಿಸಿತು.

ಮೂರನೆಯ ಅರ್ಥ ಕೃಷ್ಣಾ ಮೇಲ್ದಂಡೆ ಯೋಜನೆಯೊಡನೆ ಬಂದಿತು. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಜಲಾಶಯಕ್ಕೆ 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಅನುಮತಿ ನೀಡಿತು. ನ್ಯಾಯಾಧಿಕರಣವು 2010ರಲ್ಲಿ 524.256 ಮೀಟರನ್ನು ಒಪ್ಪಿತು. ಕೃಷ್ಣೆ, ಘಟಪ್ರಭೆಗಳ ದಂಡೆಯ ಊರುಗಳ ಮಾತಿನಲ್ಲಿ ‘ಮುಳುಗಡೆ’ ಎಂಬ ಪದ ಬೇರೂರಿತು. ಭೂಮಿ ಕಳೆದುಕೊಂಡವರು 1894ರ ಭೂಸ್ವಾಧೀನ ಕಾಯ್ದೆಯ 18ನೆಯ ಕಲಮಿನಡಿ ಹೆಚ್ಚಿನ ಪರಿಹಾರಕ್ಕೆ ನ್ಯಾಯಾಲಯದ ಮೊರೆ ಹೋಗಬಹುದಿತ್ತು. ರಾಜಿಯಾದರೆ ಅದು ‘ಸೆಟ್ಲಮೆಂಟ್’. ಲೋಕ ಅದಾಲತ್ತಿನ ರಾಜಿ ತೀರ್ಪಿನ ಮೇಲೆ ಮೇಲ್ಮನವಿಯಿಲ್ಲ. ಆದರೆ ಕಡತ ಮುಕ್ತಾಯವಾದ ಮಾತ್ರಕ್ಕೆ ಬದುಕು ನೆಲೆಗೊಂಡಿತೆಂದಲ್ಲ. ‘ಮಗ ಸೆಟ್ಲ ಆದ’ ಎಂದು ಹಿರಿಯರು ನಿಟ್ಟುಸಿರು ಬಿಡುವಾಗ ಪದಕ್ಕಿರುವ ನೆಮ್ಮದಿಯ ಅರ್ಥ, ಪರಿಹಾರದ ಪತ್ರದಲ್ಲಿರುವ ಅದೇ ಪದಕ್ಕಿಲ್ಲ.

ಊರು ಬಿಟ್ಟವರಿಗಾಗಿ ಕನ್ನಡವು ಬಳಸಿದ ಪದ ‘ಪುನರ್ವಸತಿ’. ಇದರಲ್ಲಿರುವ ‘ವಸತಿ’ಯೇ ತದ್ಭವವಾಗಿ ‘ಬಸದಿ’ಯಾದದ್ದು. ರಾತ್ರಿ ಊರಲ್ಲಿ ತಂಗುವ ‘ವಸ್ತಿ ಬಸ್ಸು’ ಇದೇ ಕುಲದ್ದು. ಜಿನನಿಗೆ ಆಲಯವಾದ ಪದವೇ ಮನೆ ಕಳೆದುಕೊಂಡವನಿಗೆ ಸರ್ಕಾರಿ ನಿವೇಶನವಾಗಿದೆ. ಇಂಗ್ಲಿಷ್ ಪದವು ತೆರಿಗೆ, ಬಂಧನ, ರಾಜಿಗಳನ್ನು ಒಂದೇ ಹೆಸರಿನಡಿ ತಂದಿತು. ಕನ್ನಡವು ಅವುಗಳಿಗೆ ವ್ಯವಸ್ಥೆ, ಬಂದೋಬಸ್ತ್, ಇತ್ಯರ್ಥ, ನೆಲೆ, ವಸತಿ ಎಂದು ಬೇರೆಬೇರೆ ಹೆಸರುಗಳನ್ನು ಉಳಿಸಿಕೊಂಡಿದೆ. ಕಡತಗಳನ್ನು ಓದುವ ಸಂಶೋಧಕನು ‘ಸೆಟ್ಲಮೆಂಟ್’ ಎಂಬ ಪದ ಎದುರಾದಾಗಲೆಲ್ಲ ನೆಲೆನಿಂತದ್ದು ಯಾವುದು, ನೆಲೆ ತಪ್ಪಿದವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ. ಮೊದಲನೆಯದಕ್ಕೆ ಕಡತವೇ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಊರಿಗೆ ಹೋಗಬೇಕು.