ಜೀನಿನ ಜೇಬಿನ ಸೀಸ

ಆಸ್ಟ್ರೇಲಿಯದ ರೇಸು ಕುದುರೆ ಬಲವಾದದ್ದೋ, ಯೂರೋಪಿನದೋ? ಈ ಜಗಳ ಇವತ್ತಿನದಲ್ಲ. 19ನೇ ಶತಮಾನದ ಭಾರತದಲ್ಲಿ, ಬ್ರಿಟಿಷ್ ಅಧಿಕಾರಿಗಳೂ ರಾಜರೂ ವ್ಯಾಪಾರಿಗಳೂ ಒಟ್ಟಿಗೆ ಕುದುರೆ ಓಡಿಸುತ್ತಿದ್ದ ಮೈದಾನಗಳಲ್ಲಿ, ಇದಕ್ಕೊಂದು ಉತ್ತರವನ್ನು ಪೌಂಡುಗಳ ಲೆಕ್ಕದಲ್ಲೇ ಬರೆದಿಡುತ್ತಿದ್ದರು. ಅಂದಿನ ಹಲವು ಪಂದ್ಯಗಳಲ್ಲಿ ಕುದುರೆ ಹೊರಬೇಕಾದ ತೂಕ ಅದರ ವಯಸ್ಸಿನ ಮೇಲೆ ಮಾತ್ರವಲ್ಲ, ಹುಟ್ಟಿದ ದೇಶದ ಮೇಲೂ ನಿಂತಿತ್ತು. ಇಂಗ್ಲೆಂಡಿನ ಕುದುರೆಗೆ ಎಲ್ಲಕ್ಕಿಂತ ಹೆಚ್ಚು ಭಾರ. ಆಸ್ಟ್ರೇಲಿಯದ್ದಕ್ಕೆ ಸ್ವಲ್ಪ ರಿಯಾಯಿತಿ. ಇಲ್ಲೇ ಹುಟ್ಟಿದ 'ಕಂಟ್ರಿಬ್ರೆಡ್'ಗೂ ಅರಬ್ಬಿ ಕುದುರೆಗೂ ಇನ್ನೂ ಹೆಚ್ಚು ರಿಯಾಯಿತಿ. ಜಾಕಿಯ ತೂಕ ಸಾಲದಿದ್ದರೆ ಜೀನಿನ ಜೇಬಿಗೆ ಸೀಸದ ತುಂಡು ಸೇರಿಸಿ ಸರಿದೂಗಿಸುತ್ತಿದ್ದರು. ಯಾವ ದೇಶದ ರಕ್ತಕ್ಕೆ ಎಷ್ಟು ಬೆಲೆ ಎಂಬುದನ್ನು ಆ ಸೀಸ ಹೇಳುತ್ತಿತ್ತು.

ಕೋಲಾರ ಸೀಮೆಯ ಹಳೆಯ ದಂಡಿನ ದಾರಿಗಳ ಬಗ್ಗೆ ಓದುತ್ತಿರುವ ನನಗೆ ಈ ತೂಕದ ಏಣಿಯಲ್ಲಿ ಕುತೂಹಲ ಹುಟ್ಟಿದ್ದು ಅದರ ಮೇಲಿನ ಮೆಟ್ಟಿಲಿನಿಂದಲ್ಲ, ಕೆಳಗಿನದರಿಂದ. ಆದರೂ ಮೊದಲು ಮೇಲಿನವರ ಕತೆಯನ್ನೇ ನೋಡೋಣ.

ಆಸ್ಟ್ರೇಲಿಯದ ಕುದುರೆ ನಮ್ಮ ಕಡೆ ಬಂದದ್ದು ರೇಸಿಗಿಂತ ಹೆಚ್ಚಾಗಿ ಸೈನ್ಯಕ್ಕಾಗಿ. ನ್ಯೂ ಸೌತ್ ವೇಲ್ಸ್‌ನಿಂದ ಬಂದದ್ದರಿಂದ ಅದಕ್ಕೆ 'ವೇಲರ್' ಎಂಬ ಹೆಸರು ಬಿತ್ತು. ವಾರಗಟ್ಟಲೆ ಹಡಗಿನಲ್ಲಿ ನಿಂತೇ ಬಂದ ಈ ಕುದುರೆಗಳು ಇಳಿಯುತ್ತಿದ್ದ ಮುಖ್ಯ ಬಂದರುಗಳಲ್ಲಿ ಮದ್ರಾಸೂ ಒಂದು. ಅಲ್ಲಿ ಸರಿಯಾದ ಹಡಗುಕಟ್ಟೆ ಇಲ್ಲದ ಕಾಲದಲ್ಲಿ ಅವನ್ನು ಸಮುದ್ರಕ್ಕೇ ಇಳಿಸಿ ಅಲೆಗಳ ನಡುವೆ ದಡಕ್ಕೆ ಈಜಿಸುತ್ತಿದ್ದರು. ಮದ್ರಾಸಿನಿಂದ ಬೆಂಗಳೂರಿನ ದಂಡಿಗೆ ಬರುವ ಹಳೆಯ ರಸ್ತೆಗಳಲ್ಲೊಂದು ಮುಳಬಾಗಿಲು, ಕೋಲಾರಗಳನ್ನು ಹಾಯುತ್ತದೆ. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ಬಂದ ರೈಲು ಬಂಗಾರಪೇಟೆ, ಮಾಲೂರುಗಳನ್ನು ಹಾಯುತ್ತದೆ. ಮಾಲೂರಿನಿಂದ ದಕ್ಷಿಣಕ್ಕೆ ಒಂದು ದಿನದ ನಡಿಗೆಯಷ್ಟು ದೂರದಲ್ಲಿ, ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ, ಮದ್ರಾಸ್ ಸೈನ್ಯಕ್ಕೆ ಕುದುರೆ ಒದಗಿಸುವ ದೊಡ್ಡ ಲಾಯವಿತ್ತು. ಇವತ್ತು ಅದು ತಮಿಳುನಾಡು ಸರ್ಕಾರದ ಜಾನುವಾರು ಫಾರಂ. ಮೆಲ್ಬರ್ನ್, ಸಿಡ್ನಿಗಳ ಹೆಸರು ಹಳ್ಳಿಗರ ಕಿವಿಗೆ ಬೀಳುವ ಮೊದಲೇ ಅಲ್ಲಿನ ಕುದುರೆಗಳು ಈ ಸೀಮೆಯ ಆಸುಪಾಸಿನಲ್ಲಿ ಮೇಯುತ್ತಿದ್ದವು.

ಇನ್ನು ರೇಸಿನ ಥರೋಬ್ರೆಡ್. ತಮಾಷೆಯೆಂದರೆ, ಆಸ್ಟ್ರೇಲಿಯ ಮತ್ತು ಯೂರೋಪಿನ ಥರೋಬ್ರೆಡ್‌ಗಳು ಬೇರೆ ಬೇರೆ ತಳಿಗಳೇ ಅಲ್ಲ. ಇಂಗ್ಲೆಂಡಿನ ವಂಶಾವಳಿ ಪುಸ್ತಕ 1791ರಲ್ಲಿ ಶುರುವಾಯಿತು. ಆಸ್ಟ್ರೇಲಿಯದ್ದು 1878ರಲ್ಲಿ. ಎರಡರಲ್ಲೂ ಗಂಡು ಸಂತತಿ ಕೊನೆಗೆ ಹೋಗಿ ನಿಲ್ಲುವುದು ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಹೋದ ಅದೇ ಮೂರು ಕುದುರೆಗಳಲ್ಲಿ. ರಕ್ತ ಅತ್ತಿಂದಿತ್ತ ಹರಿಯುವುದೂ ನಿಂತಿಲ್ಲ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಕಾರ್ಬೈನ್ 1890ರ ಮೆಲ್ಬರ್ನ್ ಕಪ್ಪನ್ನು 39 ಕುದುರೆಗಳ ನಡುವೆ, ಬೆನ್ನಿನ ಮೇಲೆ ಸುಮಾರು 66 ಕಿಲೊ ಹೊತ್ತು ಗೆದ್ದಿತು. ಐದು ವರ್ಷದ ನಂತರ ಅದನ್ನು ಇಂಗ್ಲೆಂಡಿಗೆ ಮಾರಿದರು. ಅಲ್ಲಿ ಅದಕ್ಕೆ ಹುಟ್ಟಿದ ಸ್ಪಿಯರ್‌ಮಿಂಟ್ 1906ರಲ್ಲಿ ಎಪ್ಸಮ್ ಡರ್ಬಿಯನ್ನೇ ಗೆದ್ದಿತು. ನೂರು ವರ್ಷದ ಮೇಲೆ ಇದೇ ಕೆಲಸವನ್ನು ವಿಮಾನ ಮಾಡತೊಡಗಿತು. ಬ್ರಿಟನ್ನಿನಲ್ಲಿ ಓಡಿದ ಡೇನ್‌ಹಿಲ್ 1990ರಿಂದ ಐರ್ಲೆಂಡಿನ ಋತು ಮುಗಿಸಿ ಆಸ್ಟ್ರೇಲಿಯದ ಋತುವಿಗೆ ಹಾರುತ್ತಿತ್ತು. ಎರಡೂ ಕಡೆ ಅದರ ಮಕ್ಕಳು ಗೆದ್ದವು.

ರಕ್ತ ಒಂದೇ ಆದಮೇಲೆ ವ್ಯತ್ಯಾಸ ಎಲ್ಲಿಂದ ಬಂತು? ಪ್ರತಿಯೊಂದು ದೇಶ ತನ್ನ ಕುದುರೆಯಿಂದ ಏನನ್ನು ಕೇಳಿತು ಎಂಬುದರಿಂದ. 1957ರಲ್ಲಿ ಸಿಡ್ನಿಯಲ್ಲಿ ಗೋಲ್ಡನ್ ಸ್ಲಿಪ್ಪರ್ ಶುರುವಾಯಿತು. ಎರಡು ವರ್ಷದ ಕುದುರೆಗಳಿಗೆ 1200 ಮೀಟರ್ ಓಟ, ಭಾರಿ ಬಹುಮಾನ. ದುಡ್ಡು ಎಲ್ಲಿದೆಯೋ ಸಾಕುವವರು ಅಲ್ಲಿಗೇ ಹೋದರು. ಬೇಗ ಬಲಿಯುವ, ಗೇಟು ತೆರೆದೊಡನೆ ಬಾಣದಂತೆ ಹಾರುವ ಕುದುರೆಗಳು ಅಲ್ಲಿ ತಯಾರಾದವು. ಇಂಗ್ಲೆಂಡ್, ಐರ್ಲೆಂಡ್‌ಗಳಲ್ಲಿ ಮಾತ್ರ ಮೂರು ವರ್ಷದ ಕುದುರೆ 2400 ಮೀಟರ್ ಓಡುವ ಡರ್ಬಿಯೇ ದೊಡ್ಡ ಮರ್ಯಾದೆಯಾಗಿ ಉಳಿಯಿತು. ಏರಿಳಿವಿನ ಹುಲ್ಲಿನ ನೆಲದಲ್ಲಿ ತಡೆದು ತಡೆದು ಓಡಿ ಕೊನೆಯಲ್ಲಿ ನುಗ್ಗುವ ಕುದುರೆ ಅಲ್ಲಿ ಬೇಕಾಯಿತು.

ಫಲ ಎದುರಿಗೇ ಇದೆ. 2003ರಲ್ಲಿ ಆಸ್ಟ್ರೇಲಿಯದ ಶ್ವಾಸಿರ್ ಒಂದೇ ವಾರದಲ್ಲಿ ರಾಯಲ್ ಆಸ್ಕಟ್‌ನ ಎರಡು ದೊಡ್ಡ ಕಿರು ಓಟಗಳನ್ನು ಬಾಚಿಕೊಂಡಿತು. ಓಡಿದ 25 ಪಂದ್ಯಗಳನ್ನೂ ಗೆದ್ದ ಬ್ಲ್ಯಾಕ್ ಕ್ಯಾವಿಯರ್ ಎಂಬ ಹೆಣ್ಣು ಕುದುರೆ 2012ರಲ್ಲಿ ಅಲ್ಲಿಗೆ ಹೋಗಿ ಕೂದಲೆಳೆಯಲ್ಲಿ ಗೆದ್ದು ಬಂತು. 2022ರಲ್ಲಿ ನೇಚರ್ ಸ್ಟ್ರಿಪ್ ಅಲ್ಲಿ ಉಳಿದವರನ್ನು ಬಹಳ ಹಿಂದೆ ಬಿಟ್ಟಿತು. ಇತ್ತ 3200 ಮೀಟರಿನ ಮೆಲ್ಬರ್ನ್ ಕಪ್ಪನ್ನು 1993ರಲ್ಲಿ ಐರ್ಲೆಂಡಿನ ವಿಂಟೇಜ್ ಕ್ರಾಪ್ ಹೊತ್ತೊಯ್ದಿತು. ಆಮೇಲೆ ಫ್ರಾನ್ಸಿನವರು 2010 ಮತ್ತು 2011ರಲ್ಲಿ, ಜರ್ಮನಿಯವರು 2014ರಲ್ಲಿ, ಇಂಗ್ಲೆಂಡಿನವರು 2018ರಲ್ಲಿ ಗೆದ್ದರು. ಆಸ್ಟ್ರೇಲಿಯದವರು ಬುದ್ಧಿವಂತರು. ದೂರ ಓಡುವ ಕುದುರೆಗಳನ್ನು ಯೂರೋಪಿನಿಂದಲೇ ಕೊಂಡು ತಂದು ತಮ್ಮ ಕಪ್ಪನ್ನು ತಾವೇ ಗೆಲ್ಲತೊಡಗಿದರು. 2022ರಲ್ಲಿ ಗೆದ್ದ ಗೋಲ್ಡ್ ಟ್ರಿಪ್ ಹುಟ್ಟಿದ್ದು ಫ್ರಾನ್ಸಿನಲ್ಲಿ.

ಇಷ್ಟರಿಂದ 'ಕಿರು ಓಟಕ್ಕೆ ಆಸ್ಟ್ರೇಲಿಯ, ದೂರಕ್ಕೆ ಯೂರೋಪು' ಎಂದು ತೀರ್ಪು ಕೊಟ್ಟು ಏಳಬಹುದು. ಆದರೆ ಈ ಅಳತೆಗೋಲಿನಲ್ಲೇ ತೊಡಕುಗಳಿವೆ. ಮೆಲ್ಬರ್ನ್ ಕಪ್ ಹ್ಯಾಂಡಿಕ್ಯಾಪ್ ಪಂದ್ಯ. ಒಳ್ಳೆಯ ಕುದುರೆಗೆ ಹೆಚ್ಚು ತೂಕ ಹೇರಿ ಎಲ್ಲರನ್ನೂ ಸಮ ಮಾಡುವುದೇ ಅದರ ನಿಯಮ. ಹಾಗಾಗಿ ಗೆದ್ದ ಕುದುರೆಯೇ ಶ್ರೇಷ್ಠ ಎನ್ನಲಾಗದು. ವಯಸ್ಸಿನ ಲೆಕ್ಕವೂ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಿದೆ. ಯೂರೋಪಿನ ಕುದುರೆಗಳಿಗೆಲ್ಲ ಜನವರಿ 1ಕ್ಕೆ ವರ್ಷ ತುಂಬಿದರೆ, ಆಸ್ಟ್ರೇಲಿಯದವಕ್ಕೆ ಆಗಸ್ಟ್ 1ಕ್ಕೆ. ಇನ್ನೊಂದು ತೊಡಕು ನೋವಿನದು. 2019ರ ಎಪ್ಸಮ್ ಡರ್ಬಿ ಗೆದ್ದಿದ್ದ ಆಂಥನಿ ವ್ಯಾನ್ ಡೈಕ್ 2020ರ ಮೆಲ್ಬರ್ನ್ ಕಪ್‌ನಲ್ಲಿ ಕಾಲು ಮುರಿದುಕೊಂಡು ಸತ್ತಿತು. ಅದಕ್ಕೆ ಮುಂಚಿನ ಕೆಲವು ವರ್ಷಗಳಲ್ಲೂ ಹೊರಗಿನಿಂದ ಬಂದ ಕುದುರೆಗಳು ಅಲ್ಲಿ ಸತ್ತಿದ್ದವು. ಆಮೇಲೆ ಸ್ಕ್ಯಾನ್ ಮಾಡಿ ಮೂಳೆ ನೋಡದೆ ವಿದೇಶಿ ಕುದುರೆಗೆ ಪ್ರವೇಶವಿಲ್ಲ ಎಂಬ ನಿಯಮ ಬಂತು. ಯಾರದು ಬಲ ಎಂದು ನಾವು ಕೇಳಿದ ಪ್ರಶ್ನೆಗೆ ಕುದುರೆ ತನ್ನ ಮೂಳೆಯಿಂದ ಬೆಲೆ ಕಟ್ಟಿತು.

ಈಗ ಏಣಿಯ ಕೆಳಗಿನ ಮೆಟ್ಟಿಲಿಗೆ ಬರೋಣ. ಹೈದರಾಲಿ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. ಅವನ ತಂದೆಯ ಗೋರಿ ಕೋಲಾರದಲ್ಲಿದೆ. 1768ರ ಅಕ್ಟೋಬರಿನಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ಅವನಿಗೂ ಇಂಗ್ಲಿಷರಿಗೂ ಯುದ್ಧವಾಯಿತು. ಆ ಬೆಟ್ಟಗಳನ್ನು ನೋಡಿದವರಿಗೆ ಅದು ಕುದುರೆ ಓಡಿಸುವ ಜಾಗವಲ್ಲ ಎಂದು ಹೇಳಬೇಕಿಲ್ಲ. ಅಲ್ಲಿ ಅವನ ಅಶ್ವದಳದ ಆಟ ಹೆಚ್ಚು ನಡೆಯಲಿಲ್ಲ. ಆದರೆ ಮರುವರ್ಷ ಮಾರ್ಚಿನಲ್ಲಿ ಅವನು ಇಂಗ್ಲಿಷ್ ಸೈನ್ಯವನ್ನು ದೂರಕ್ಕೆ ಸೆಳೆದು, ಸುಮಾರು 6000 ಸವಾರರೊಂದಿಗೆ ಮೂರೂವರೆ ದಿನದಲ್ಲಿ 130 ಮೈಲಿ ಕ್ರಮಿಸಿ ಮದ್ರಾಸಿನ ಬಾಗಿಲಿಗೇ ಬಂದು ನಿಂತ. ಏಪ್ರಿಲ್‌ನಲ್ಲಿ ಕಂಪನಿ ಅವನು ಹೇಳಿದಂತೆ ಒಪ್ಪಂದಕ್ಕೆ ಬಂತು. ಆ ಸವಾರಿಗೆ ಬೇಕಿದ್ದದ್ದು ಸಿಕ್ಕಿದ್ದನ್ನು ಮೇಯ್ದು, ಬಿಸಿಲು ತಾಳಿ, ಮರುದಿನವೂ ನಡೆಯುವ ಕುದುರೆ. ಒಂದೆರಡು ಮೈಲಿಯ ರೇಸಿನಲ್ಲಿ ಅಂಥದ್ದು ಇಂಗ್ಲಿಷ್ ಥರೋಬ್ರೆಡ್‌ನ ಹಿಂದೆ ಬೀಳುತ್ತಿತ್ತು, ಸಂಶಯವಿಲ್ಲ. ಮೂರೂವರೆ ದಿನದ ರೇಸನ್ನು ಮಾತ್ರ ಯಾರೂ ಇಡಲಿಲ್ಲ.

ಅಳತೆ ಬದಲಾದಾಗ ಕುದುರೆಯೂ ಬದಲಾಯಿತು. ಬ್ರಿಟಿಷ್ ಸೈನ್ಯಕ್ಕೆ ಭಾರಿ ಸವಾರನನ್ನೂ ಸಾಮಾನನ್ನೂ ಹೊರುವ ಎತ್ತರದ ಕುದುರೆ ಬೇಕಾಯಿತು. ಅದರ ಲಾಯಗಳನ್ನು ವೇಲರ್ ತುಂಬಿತು. ರೇಸು ಮೈದಾನಗಳನ್ನು ಥರೋಬ್ರೆಡ್ ತುಂಬಿತು. ಹೈದರ್, ಟಿಪ್ಪು ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನ ಫಾರಂ ಕೂಡ ನಮ್ಮ ಕಾಲಕ್ಕೆ ಥರೋಬ್ರೆಡ್ ಮರಿಗಳಿಗೇ ಹೆಸರಾಯಿತು. ಕೊನೆಗೆ 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಹೈಫಾದಲ್ಲಿ ಕುದುರೆಯೇರಿ ನುಗ್ಗಿದಾಗ ಅವರಿದ್ದ ದಳದ ಮೇಲಧಿಕಾರಿಯೇ ಆಸ್ಟ್ರೇಲಿಯದವನು, ಜನರಲ್ ಶೋವೆಲ್. ಮದ್ರಾಸಿನ ಅಲೆಗಳಲ್ಲಿ ಈಜಿ ಬಂದ ಸಂಬಂಧ ಅಲ್ಲಿಯವರೆಗೆ ಬೆಳೆದಿತ್ತು.

ಆಸ್ಟ್ರೇಲಿಯ, ಯೂರೋಪುಗಳ ಕುದುರೆಗಳಿಗೆ ಇನ್ನೂರು ವರ್ಷದ ವಂಶಾವಳಿ ಇದೆ. ತಾಯಿ ಯಾರು, ಅಜ್ಜಿ ಯಾರು, ಯಾವ ದಿನ ಎಷ್ಟು ಸೆಕೆಂಡಿನಲ್ಲಿ ಓಡಿತು, ಎಲ್ಲವೂ ಬರಹದಲ್ಲಿದೆ. ಆದ್ದರಿಂದಲೇ ಅವನ್ನು ಹೋಲಿಸಿ ನೋಡಲು ನಮಗೆ ಸಾಧ್ಯವಾಗುತ್ತದೆ. ಬೂದಿಕೋಟೆಯವನನ್ನು ಮದ್ರಾಸಿನವರೆಗೆ ಹೊತ್ತೊಯ್ದ ಕುದುರೆಗೆ ಅಂಥ ಪುಸ್ತಕವಿಲ್ಲ. ಅದರ ಬಗ್ಗೆ ಮುಂದಿನ ಕಾಲ ಬರೆದಿಟ್ಟದ್ದು ಒಂದೇ ಅಂಕಿ: ಓಟಕ್ಕೆ ಮುನ್ನ ಅದರ ಸಂತತಿಯ ಬೆನ್ನಿನಿಂದ ಇಷ್ಟು ಪೌಂಡು ಸೀಸ ಇಳಿಸಿ ಎಂಬ ರಿಯಾಯಿತಿ.