ಬಾದಾಮಿಯ ಬಂಡೆಯ ಮೇಲೆ ನನ್ನದೂ ಒಂದು ಹೆಸರಿತ್ತು

ಬಾದಾಮಿಯಲ್ಲಿರುವ ಗೆಳೆಯ ಪ್ರತಿ ದೀಪಾವಳಿಗೂ ಫೋನು ಮಾಡಿ ಕರೆಯುತ್ತಾನೆ. ನಾನು ಪ್ರತಿ ಸಲವೂ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ "ಎಷ್ಟ ಸಲ ಕರದ್ರೂ ಬರಂಗಿಲ್ಲಲ್ಲೋ ನೀ, ಬಾದಾಮಿ ನಿನಗೇನ್ ಮಾಡೇತಿ?" ಅಂತ ರೇಗಿಬಿಟ್ಟ. ಬಾದಾಮಿ ನನಗೇನೂ ಮಾಡಿಲ್ಲ, ಬಾದಾಮಿಗೆ ನಾನೇ ಏನೋ ಮಾಡಿದ್ದೆ. ಅದನ್ನು ಅವನಿಗೆ ಹೇಳಿರಲಿಲ್ಲ ಅಷ್ಟೆ.

1993ರಲ್ಲಿ ಹೈಸ್ಕೂಲ್ ಟೂರಿನಲ್ಲಿ ಬಂದಾಗ ಉತ್ತರದ ಕೋಟೆ ಹತ್ತುವ ದಾರಿಯಲ್ಲಿ ಒಂದು ಬಂಡೆಯ ಮೇಲೆ ಕಂಪಾಸ್ ಬಾಕ್ಸಿನ ಕೈವಾರದಿಂದ ನನ್ನ ಹೆಸರು ಕೆತ್ತಿದ್ದೆ. ಹೆಸರು, ಇನಿಷಿಯಲ್ಲು, ಕೆಳಗೆ '10 ಬಿ' ಅಂತ ಸೆಕ್ಷನ್ನು ಬೇರೆ! ಆಗ ಅದು ಘನಕಾರ್ಯ ಅನ್ನಿಸಿತ್ತು. ಆಮೇಲೆ ಶಾಸನ ಗೀಸನ ಅಂತ ಓದುವ ಹುಚ್ಚು ಹತ್ತಿದ ಮೇಲೆ, ನೆನೆಸಿಕೊಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಅಂತೂ ಈ ಸಲ ಹೊರಟೆ.

ಮೊದಲ ದಿನ ಬೆಳಿಗ್ಗೆ ಆರಕ್ಕೇ ಶಿಡ್ಲಫಡಿಗೆ ಹೊರಟೆವು. ಗೆಳೆಯ, ಅವನ ಏಳನೇ ಕ್ಲಾಸಿನ ಮಗ, ಅವರ ಓಣಿಯವರು ಇಬ್ಬರು, ನಾನು. ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಝುಣಕ. ಊರು ಬಿಟ್ಟು ಗುಡ್ಡ ಹತ್ತಿದರೆ ಆಮೇಲೆ ಬರೀ ಕೆಂಪು ಮರಳುಗಲ್ಲು, ಮುಳ್ಳುಕಂಟಿ. ಗುಹಾಲಯಗಳಿಗೆ ಬರುವ ಜನರಲ್ಲಿ ನೂರಕ್ಕೆ ಒಬ್ಬರೂ ಈ ಕಡೆ ಬರುವುದಿಲ್ಲವೇನೋ. ದಾರಿ ಅಂತ ಇರುವುದು ಕುರಿಗಳು ನಡೆದು ಮಾಡಿದ್ದು. ಗೆಳೆಯ ಇಲ್ಲದಿದ್ದರೆ ನಾನು ಎರಡನೇ ತಿರುವಿನಲ್ಲೇ ಕಳೆದುಹೋಗುತ್ತಿದ್ದೆ. ಮಧ್ಯೆ ಇಬ್ಬರು ಕುರಿ ಕಾಯುವವರು ಸಿಕ್ಕರು. ಅವರಲ್ಲಿ ವಯಸ್ಸಾದ ಕಾಕಾ ಒಬ್ಬರು ಕುರಿಗಳನ್ನು ಹುಡುಗನಿಗೆ ಒಪ್ಪಿಸಿ ನಮ್ಮ ಜೊತೆಗೇ ಬಂದುಬಿಟ್ಟರು.

'ಫಡಿ' ಅಂದರೆ ಈ ಕಡೆ ಬಂಡೆ ಮುಂದಕ್ಕೆ ಚಾಚಿ ಮರೆ ಮಾಡಿರುವ ಜಾಗ. ಮಳೆ ಬಂದರೆ ಕುರಿ, ಮನುಷ್ಯರು ಎಲ್ಲರೂ ಅದರಡಿ ನಿಲ್ಲಬಹುದು. ಶಿಡ್ಲಫಡಿ ದೊಡ್ಡದು, ಕಮಾನಿನ ಹಾಗೆ ಬಾಗಿದೆ. ಮೇಲೆ ದೊಡ್ಡ ಕಿಂಡಿಗಳಿದ್ದು ಅಲ್ಲಿಂದ ಬೆಳಕು ಸುರಿಯುತ್ತದೆ. ಸಿಡಿಲು ಬಡಿದು ಕಿಂಡಿ ಬಿತ್ತು, ಅದಕ್ಕೇ ಈ ಹೆಸರು ಅಂತ ಕಾಕಾ ಹೇಳಿದರು. ಒಳಗೆ ಬಂಡೆಯ ಮೇಲೆ ಇತಿಹಾಸಪೂರ್ವ ಕಾಲದ ಚಿತ್ರಗಳಿವೆ. ಪ್ರಾಣಿಗಳು, ಕಡ್ಡಿ ಕಡ್ಡಿಯ ಹಾಗಿರುವ ಮನುಷ್ಯರು. ಚಾಲುಕ್ಯರು ಅನ್ನುವ ಹೆಸರು ಹುಟ್ಟುವುದಕ್ಕೂ ಎಷ್ಟೋ ಮೊದಲು ಯಾರೋ ಇಲ್ಲಿ ನಿಂತು ಬರೆದದ್ದು. ಮೊದಲು ನನಗೆ ಏನೂ ಕಾಣಿಸಲಿಲ್ಲ. ಕಾಕಾ ಕೋಲಿನ ತುದಿಯನ್ನು ಬಂಡೆಗೆ ತಾಗದ ಹಾಗೆ ಹಿಡಿದು, "ಇಲ್ಲಿ ಕೊಂಬ ಐತಿ ನೋಡ್ರಿ, ಇದು ಬೆನ್ನು" ಅಂತ ಗಾಳಿಯಲ್ಲೇ ಗೆರೆ ಎಳೆದು ತೋರಿಸಿದ ಮೇಲೆ ಒಂದೊಂದೇ ಮೂಡತೊಡಗಿದವು. ಒಂದು ಸಲ ಕಂಡ ಮೇಲೆ ಕಾಣದೇ ಇರುವುದೇ ಇಲ್ಲ.

ಅವುಗಳ ಪಕ್ಕದಲ್ಲೇ ಹೆಸರುಗಳು. ಸುಣ್ಣದಲ್ಲಿ, ಇದ್ದಿಲಿನಲ್ಲಿ, ಬಣ್ಣದಲ್ಲಿ. ಹೃದಯ, ಬಾಣ ಎಲ್ಲಾ ಇವೆ. ಓಣಿಯ ಹುಡುಗರು ಬಯ್ಯಲು ಶುರು ಮಾಡಿದರು. ನಾನು ಮಾತಾಡಲಿಲ್ಲ, ಯಾವ ಮುಖ ಇಟ್ಟುಕೊಂಡು ಮಾತಾಡಲಿ? ಕಾಕಾ ಮಾತ್ರ ಬೀಡಿ ಹಚ್ಚುತ್ತಾ ಹೇಳಿದರು: "ಚಿತ್ರಾ ಬರದಾವ ಹೆಸರು ಹಾಕಿಲ್ಲ ನೋಡ್ರಿ. ಹೆಸರು ಹಾಕಿದವ್ರು ಚಿತ್ರಾ ಬರದಿಲ್ಲ."

ಈ ಮಾತು ಎರಡು ದಿನ ನನ್ನ ತಲೆಯಲ್ಲೇ ಕೂತಿತ್ತು. ಯಾಕೆಂದರೆ ಬಾದಾಮಿಯ ಇತಿಹಾಸ ಅಂತ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬಂಡೆಯ ಮೇಲೆ ಹೆಸರು ಹಾಕಿದವರ ಕಥೆಯೇ!

ಮಧ್ಯಾಹ್ನ ಗುಹಾಲಯಗಳಿಗೆ ಹೋದೆವು (ಕೋತಿಗಳಿಗೆ ಒಂದು ಪೊಟ್ಟಣ ಕಡಲೆ ಕಪ್ಪ ಒಪ್ಪಿಸಿ :-) ). ನಾಲ್ಕರಲ್ಲಿ ದೊಡ್ಡದು ಮೂರನೆಯದು. ಅಲ್ಲಿನ ಸಂಸ್ಕೃತ ಶಾಸನದಲ್ಲಿ ಶಕ ವರ್ಷ 500 ಅಂತ ಸ್ಪಷ್ಟವಾಗಿದೆ, ಅಂದರೆ ಕ್ರಿ.ಶ. 578. ಇಷ್ಟು ಖಚಿತವಾಗಿ ಕಾಲ ಗೊತ್ತಿರುವುದರಿಂದಲೇ ಆಸುಪಾಸಿನ ಎಷ್ಟೋ ಗುಹೆಗಳ ಕಾಲವನ್ನು ವಿದ್ವಾಂಸರು ಇದಕ್ಕೆ ಹೋಲಿಸಿ ಅಳೆಯುತ್ತಾರೆ. ಕೊರೆಸಿದವನು ಮಂಗಲೇಶ. ಪುಣ್ಯವನ್ನು ಮಾತ್ರ ಆಗ ಆಳುತ್ತಿದ್ದ ಅಣ್ಣ ಕೀರ್ತಿವರ್ಮನ ಹೆಸರಿಗೆ ಬರೆದಿದ್ದಾನೆ. ಅಣ್ಣ ಸತ್ತ ಮೇಲೆ ಇದೇ ಮಂಗಲೇಶ ಗದ್ದುಗೆ ಏರಿದ. ಅದು ತನಗೆ ಸೇರಬೇಕೆಂದು ಅಣ್ಣನ ಮಗ ಇಮ್ಮಡಿ ಪುಲಕೇಶಿ ತಿರುಗಿಬಿದ್ದ. ಆ ಜಗಳದಲ್ಲಿ ಮಂಗಲೇಶ ಪ್ರಾಣ ಕಳೆದುಕೊಂಡ. ಗುಹೆಯಲ್ಲಿ ನಿಂತು ಆ ಶಾಸನ ನೋಡುವಾಗ ಮುಂದೆ ನಡೆದದ್ದೆಲ್ಲ ನೆನಪಾಗಿ ಒಂಥರಾ ಆಗುತ್ತದೆ.

ಅಲ್ಲೇ ಒಂದು ಪುಟ್ಟ ಕನ್ನಡ ಶಾಸನವೂ ಇದೆ. ಮಂಗಲೇಶ ಲಂಜಿಗೇಸರ ಅನ್ನುವ ಊರನ್ನು ಈ ಗುಡಿಗೆ ಕೊಟ್ಟದ್ದನ್ನು ಹೇಳುವಂಥದ್ದು. ಅದರಲ್ಲಿ ಗುಹಾಲಯಕ್ಕೆ ಬಳಸಿರುವ ಪದ 'ಕಲ್ಮನೆ'. ಎಷ್ಟು ಚೆಂದದ ಪದ! ನಾವು 'ಶಿಲಾಛೇದಿತ ದೇವಾಲಯ' ಅಂತ ಬರೆದು ಬಾಯಿ ನೋಯಿಸಿಕೊಳ್ಳುತ್ತೇವೆ. ಆ ದಾನದಲ್ಲಿ ದೇವರಿಗೆ ಹೂ ಒಪ್ಪಿಸುವ ಮಾಲೆಗಾರರಿಗೂ ಪಾಲಿದೆ. ರಾಜನ ಹೆಸರಿನ ಜೊತೆ ಹೂ ಕಟ್ಟುವವರ ಮಾತೂ ಕಲ್ಲಿನಲ್ಲಿ ಉಳಿದುಬಿಟ್ಟಿದೆ.

ಇನ್ನು ಆ ಕಲ್ಮನೆಯನ್ನು ಕಡೆದವರು? ನನಗೆ ಖುಷಿ ಕೊಟ್ಟ ವಿಷಯ ಇದು. ಗುಹೆಗಳ ಆಸುಪಾಸಿನ ಕಲ್ಲುಗಳ ಮೇಲೆ ಅಲ್ಲಲ್ಲಿ ಬರೀ ಹೆಸರುಗಳೇ ಇವೆ. ಕೋಳಿಮಂಚಿ, ಸಿಂಗಮಂಚಿ ಅಂತೆಲ್ಲ. ಬಿರುದಿಲ್ಲ, ವಂಶಾವಳಿ ಇಲ್ಲ. ಶಿಲ್ಪಿಗಳ ಹೆಸರುಗಳಿವು ಎಂದು ತಿಳಿದವರು ಹೇಳುತ್ತಾರೆ. ಕೋಳಿಮಂಚಿ! ನಮ್ಮ ಕೇರಿಯಲ್ಲಿ ಕೂಗಿದರೆ ಯಾರಾದರೂ 'ಓ' ಅನ್ನಬಹುದು ಅನ್ನಿಸುವಂಥ ಹೆಸರು. ಸುಮಾರು ನೂರೈವತ್ತು ವರ್ಷಗಳ ನಂತರ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಕಟ್ಟಿದ ಗುಂಡನಿಗೆ 'ತ್ರಿಭುವನಾಚಾರಿ' ಎಂಬ ಬಿರುದು ಸಿಕ್ಕಿದ್ದನ್ನು ಅಲ್ಲಿನ ಶಾಸನವೇ ಹೇಳುತ್ತದೆ. ಬಾದಾಮಿಯ ಮಂಚಿಗಳಿಗೆ ಆ ಯೋಗ ಇರಲಿಲ್ಲ. ಉಳಿಯೂ ಅವರದೇ, ಕಲ್ಲಿನ ಮುಂದೆ ದಿನವಿಡೀ ಕೂರುವವರೂ ಅವರೇ, ಹೆಸರು ಬರೆದುಕೊಂಡರು. ಅವರ ಬಗ್ಗೆ ಕಾಕಾನ ಮಾತು ನಿಲ್ಲುವುದಿಲ್ಲ ಅಂತ ಗೆಳೆಯನಿಗೆ ವಾದಿಸಿದೆ. ಅವರು ಚಿತ್ರವನ್ನೂ ಬರೆದರು, ಹೆಸರನ್ನೂ ಹಾಕಿದರು.

ಗೆಲ್ಲುವವರಿಗೂ ಈ ಬಂಡೆಗಳೇ ಬೇಕಿತ್ತು. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ವಾತಾಪಿಯನ್ನು ಹಿಡಿದಾಗ ಇಲ್ಲಿಯ ಕಲ್ಲಿನ ಮೇಲೆಯೇ ತನ್ನ ಹೆಸರು ಕೆತ್ತಿಸಿದ. ಹದಿಮೂರು ವರ್ಷ ಕಳೆಯುವುದರಲ್ಲಿ ಪುಲಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಊರನ್ನು ವಾಪಸು ಪಡೆದ. ಶತ್ರುವಿನ ಶಾಸನ ಮಾತ್ರ, ಸವೆದು ಹೋಗಿದ್ದರೂ, ಊರಿನಲ್ಲೇ ಇದೆ.

ಮರುದಿನ ಬೆಳಿಗ್ಗೆ ಅಗಸ್ತ್ಯತೀರ್ಥದ ದಂಡೆ ಹಿಡಿದು ತಟ್ಟುಕೋಟೆಯ ಕಡೆ ನಡೆದೆವು. ಅಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕ್ರಿ.ಶ. 700ರ ಆಸುಪಾಸಿನದು, ಕನ್ನಡ ತ್ರಿಪದಿಗೆ ನಮಗೆ ಸಿಕ್ಕಿರುವ ಅತಿ ಹಳೆಯ ಉದಾಹರಣೆ. ಹತ್ತು ಸಾಲು. ಒಳ್ಳೆಯವನಿಗೆ ಒಳ್ಳೆಯವನು, ಕೆಟ್ಟವನಿಗೆ ಅವನಪ್ಪ ಅನ್ನುವ ಧಾಟಿಯ ಹೊಗಳಿಕೆ. ಆದರೆ ಈ ಅರಭಟ್ಟ ಯಾರು? ಈ ಬಂಡೆ ಬಿಟ್ಟರೆ ಅವನ ಹೆಸರು ಹೇಳುವವರಿಲ್ಲ. ಫ್ಲೀಟ್ ಸಾಹೇಬರು 1881ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ ಮೇಲೆ ಕನ್ನಡ ಎಂ.ಎ. ಓದುವವರೆಲ್ಲ ಅವನ ಹೆಸರು ಉರುಹೊಡೆಯುತ್ತಿದ್ದಾರೆ. ಒಂದು ಪದ್ಯ ಚೆನ್ನಾಗಿದ್ದರೆ ಸಾಕು ನೋಡಿ, ಸಾವಿರದ ಮುನ್ನೂರು ವರ್ಷ.

ಕೊನೆಗೆ ಉತ್ತರದ ಕೋಟೆ, ಬಾವನ ಬಂಡೆ ಕೋಟೆ ಅಂತಾರೆ. ಎರಡು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಏರುವ ದಾರಿ, ಮಟಮಟ ಮಧ್ಯಾಹ್ನದಲ್ಲೂ ತಣ್ಣಗಿರುತ್ತದೆ. ಈ ಕೋಟೆಯ ಬಂಡೆಯ ಮೇಲೆ ಮೊದಲನೇ ಪುಲಕೇಶಿ ಶಕ 465ರಲ್ಲಿ, ಅಂದರೆ 543ರಲ್ಲಿ, ಬಾದಾಮಿಯ ಬೆಟ್ಟವನ್ನು ದುರ್ಗವಾಗಿ ಮಾಡಿದ ಶಾಸನವಿದೆ. ಅದರಲ್ಲಿ ಅವನ ಹೆಸರು ಚಾಲುಕ್ಯ ವಲ್ಲಭೇಶ್ವರ ಅಂತ. ಇತಿಹಾಸಕಾರರ ಕಣ್ಣಿಗೆ ಅದು ಬಿದ್ದದ್ದು 1941ರಲ್ಲಿ. ಸುಮಾರು ಸಾವಿರದ ನಾನೂರು ವರ್ಷ, ದಿನವೂ ಜನ ಓಡಾಡುವ ಊರಿನ ನೆತ್ತಿಯ ಮೇಲೆ, ರಾಜಧಾನಿ ಸ್ಥಾಪಿಸಿದವನ ಹೆಸರು ಸುಮ್ಮನೆ ಕೂತಿತ್ತು!

ನಾನು ಅದನ್ನೆಲ್ಲ ವಿವರಿಸುತ್ತಿದ್ದೆ, ಕಣ್ಣು ಮಾತ್ರ ಬೇರೆಯದನ್ನೇ ಹುಡುಕುತ್ತಿತ್ತು. ಸಿಕ್ಕಿತು. ಮೊಣಕಾಲೆತ್ತರದಲ್ಲಿ. ಆಗ ಇನ್ನೂ ಎತ್ತರದಲ್ಲಿ ಬರೆದಿದ್ದೆ ಅಂದುಕೊಂಡಿದ್ದೆ. ಮಳೆಗೆ ಅಳಿಸಿಹೋಗಿರಲಿ ದೇವರೇ ಅಂತ ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ, ಆದರೆ ಒತ್ತಕ್ಷರವೂ ಹಾಳಾಗಿಲ್ಲ. ಸುತ್ತ ಇನ್ನೂ ಹತ್ತಾರು ಹೆಸರುಗಳು ಸೇರಿಕೊಂಡಿವೆ. ನಾನು ಬರೆದಾಗ ಆ ಬಂಡೆ ಖಾಲಿ ಇತ್ತು ಅನ್ನುವುದು ಚೆನ್ನಾಗಿ ನೆನಪಿದೆ. ಅದೇ ಕಾರಣಕ್ಕೆ ಅದನ್ನು ಆರಿಸಿಕೊಂಡಿದ್ದೆ.

ಗೆಳೆಯನಿಗೆ ತೋರಿಸಿದೆ. ಬಯ್ಯುತ್ತಾನೆ ಅಂದುಕೊಂಡರೆ ಸುಮ್ಮನೆ ನಿಂತ. ಕಲ್ಲಿನಿಂದ ತಿಕ್ಕಿ ಅಳಿಸಲೇ ಅಂತ ಕೇಳಿದೆ.

"ಬ್ಯಾಡ. ತಿಕ್ಕಿದ್ರ ಇನ್ನೊಂದು ಗಾಯ ಆಗತೈತಿ. ಇರಲಿ ಬಿಡು, ನಿನಗ ನಾಚಿಕಿ ಆಗಾಕರ ಬೇಕಲ್ಲ."

ಅಷ್ಟರಲ್ಲಿ ಎರಡು ದಿನದಿಂದ ನನ್ನ ಬಾಯಲ್ಲಿ ಶಾಸನ ಶಾಸನ ಅಂತ ಕೇಳಿ ಕೇಳಿ ಸುಸ್ತಾಗಿದ್ದ ಅವನ ಮಗ ಬಗ್ಗಿ, ಬೆರಳಿಟ್ಟು, ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದ. ನನ್ನ ಹೆಸರು ಅಂತ ಅವನಿಗೆ ಹೊಳೆದಿರಲಿಲ್ಲ, ಅವನಿಗೆ ನಾನು ಬರೀ ಕಾಕಾ.

"ಇದು ಎಷ್ಟನೇ ಶತಮಾನದ್ದು ಕಾಕಾ?"

"ಇಪ್ಪತ್ತನೇದ್ದು" ಅಂದೆ.

"ಯಾವ ರಾಜಾ?"

ಗೆಳೆಯ ಆಚೆ ತಿರುಗಿ ನಗುತ್ತಿದ್ದ.